ಎಂಟು ತಿಂಗಳ ಗ್ಯಾಸು, ಒಂದೇ ಬಿಲ್ಲಿನಲ್ಲಿ

ಕಳೆದ ವಾರ ಮಣಿನಗರದ ನಮ್ಮ ಕಟ್ಟಡಕ್ಕೂ ಕೊಳವೆಯ ಗ್ಯಾಸು ಬಂತು. ಜೋಡಣೆಗೆ ಬಂದವನು ತಿರುಪು ಸಡಿಲಿಸಿ ಪೈಪಿನೊಳಗಿನ ಗಾಳಿಯನ್ನು ಹೊರಗೆ ಬಿಟ್ಟಾಗ ಅಡುಗೆಮನೆಯ ತುಂಬ ಆ ವಾಸನೆ ಹರಡಿತು. ಕೊಳೆತ ಎಲೆಕೋಸಿನ ಹಾಗೆ ಎನ್ನುತ್ತಾರೆ. ಗ್ಯಾಸಿಗೆ ತನ್ನದೇ ವಾಸನೆ ಇಲ್ಲ, ಸೋರಿದರೆ ತಿಳಿಯಲೆಂದು ಬೆರೆಸಿದ್ದು ಅದು. ನಾನು ರಸಾಯನಶಾಸ್ತ್ರ ಓದಿದವಳು, ಆ ಬೆರಕೆಯ ಹೆಸರು ನನಗೆ ಗೊತ್ತು. ಆದರೆ ಅವತ್ತು ನೆನಪಾದದ್ದು ಆ ಹೆಸರಲ್ಲ, ಸೂರತ್ತಿನ ಸುಮತಕ್ಕನ ಮುಖ.

ಪಕ್ಕದ ಮನೆಯ ಗುಜರಾತಿ ಹೆಂಗಸು ಹೊಸ ಮೀಟರನ್ನು ಅನುಮಾನದಿಂದ ನೋಡುತ್ತ, “ಬೆನ್, ಇದರ ಬಿಲ್ಲು ಹೇಗೆ ಹಾಕುತ್ತಾರೆ?” ಎಂದು ಕೇಳಿದರು. ಕಪ್ಪು ಅಂಕಿ ಮಾತ್ರ ಓದಬೇಕು, ಕೆಂಪು ಅಂಕಿ ಬಿಡಬೇಕು, ಈ ಸಲದ ಓದಿನಿಂದ ಹಿಂದಿನ ಓದು ಕಳೆದರೆ ಉರಿಸಿದ್ದು ಎಷ್ಟೆಂದು ತಿಳಿಯುತ್ತದೆ, ಇಷ್ಟು ಯೂನಿಟ್ ತನಕ ಒಂದು ದರ, ಅದನ್ನು ದಾಟಿದರೆ ಮೇಲಿನ ದರ, ಕೊನೆಗೆ ತೆರಿಗೆ, ಏನೂ ಉರಿಸದಿದ್ದರೂ ಒಂದು ಕನಿಷ್ಠ ಮೊತ್ತ ಇದ್ದೇ ಇರುತ್ತದೆ ಎಂದೆಲ್ಲ ಹೇಳಿದೆ. ಅವರು ಕಣ್ಣರಳಿಸಿ, “ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?” ಎಂದರು. “ಮೊದಲು ಸೂರತ್ತಿನಲ್ಲಿದ್ದೆ” ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡೆ.

ಸೂರತ್ತಿಗೆ ನಾನು ಹೋದದ್ದು ಜೂನಿನಲ್ಲಿ. ಅಲ್ಲಿನ ಪಾಂಡೇಸರಾದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿನ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು. ಗಿರಾಕಿ ಕೇಳಿದ ಬಣ್ಣಕ್ಕೂ ಮಿಲ್ಲಿನಿಂದ ಹೊರಬಂದ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ಅಳೆದು, ಯಾವ ಬಣ್ಣ ಎಷ್ಟು ಹೆಚ್ಚಾಗಬೇಕು, ಎಷ್ಟು ಕಡಿಮೆಯಾಗಬೇಕು ಎಂದು ಹೇಳುವುದು ನನ್ನ ಕೆಲಸ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಗದಗಿನ ಮನೆಯಲ್ಲಿ ಒಂದು ವರ್ಷ ಕುಳಿತು ಎದ್ದವಳಿಗೆ ಅದು ದೊಡ್ಡ ಬಿಡುಗಡೆ. ಅಪ್ಪ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

“ನಮ್ಮ ಭಾಷೆಯವರ ನೆರಳಿನಾಗ ಇರಬೇಕು. ಹೆಸರಿಗೆ ಏನರೆ ಬಂತು ಅಂದ್ರ ಅವತ್ತ ಗಾಡಿ ಹತ್ತಸ್ತೀನಿ, ನೋಡು.”

ಹಾಗೆ ಸಿಕ್ಕವರು ಸುಮತಕ್ಕ. ಕುಂದಾಪುರದ ಕಡೆಯವರು. ಅವರ ಗಂಡ ಶೇಖರಣ್ಣ ಸ್ಟೇಷನ್ನಿನ ಹತ್ತಿರ ಒಂದು ಉಡುಪಿ ಹೋಟೆಲು ನಡೆಸುತ್ತಿದ್ದರು. ಕತಾರ್‌ಗಾಮಿನ ಒಂದು ವಸತಿ ಸೊಸೈಟಿಯಲ್ಲಿ ಅವರಿಗೆ ಎರಡು ಮನೆಗಳಿದ್ದವು. ಮೊದಲ ಮಹಡಿಯಲ್ಲಿ ಅವರಿಬ್ಬರು ಮತ್ತು ಶೇಖರಣ್ಣನ ತಾಯಿ. ಮೂರನೆಯ ಮಹಡಿಯದು ಒಂದು ಕೋಣೆ, ಒಂದು ಅಡುಗೆಮನೆಯ ಚಿಕ್ಕ ಮನೆ. ಬಹಳ ಕಾಲದಿಂದ ಬೀಗ ಹಾಕಿದ್ದ ಅದನ್ನು ನನಗೆ ಬಾಡಿಗೆಗೆ ಕೊಟ್ಟರು. ಕೆಲವು ವರ್ಷ ಹಿಂದಿನ ಭೂಕಂಪದಲ್ಲಿ ಬಿಟ್ಟ ಬಿರುಕೊಂದು ಅಡುಗೆಮನೆಯ ಗೋಡೆಯ ಮೇಲೆ ಓರೆಯಾಗಿ ಇಳಿದಿತ್ತು. ಅದರ ಕೆಳಗೆ ಗ್ಯಾಸಿನ ಮೀಟರು.

ಗ್ಯಾಸಿನ ಬಿಲ್ಲು ಎರಡು ತಿಂಗಳಿಗೊಮ್ಮೆ ಶೇಖರಣ್ಣನ ಹೆಸರಿಗೆ, ಕೆಳಗಿನ ಅವರ ಪೆಟ್ಟಿಗೆಗೆ ಬರುತ್ತಿತ್ತು. ಸುಮತಕ್ಕ ಎಷ್ಟೆಂದು ಬಾಯಲ್ಲಿ ಹೇಳುತ್ತಿದ್ದರು, ನಾನು ಕೊಟ್ಟುಬಿಡುತ್ತಿದ್ದೆ. ಕಾಗದ ನೋಡಬೇಕೆಂದು ನನಗೆ ಅನಿಸಲೇ ಇಲ್ಲ. ಕೇಳುತ್ತಿದ್ದುದು ಅಷ್ಟು ಕಡಿಮೆ.

“ಎಂತ ಮಾರಾಯ್ತಿ, ನೀನು ಊಟ ಮಾಡ್ತೀಯೋ ಇಲ್ವೋ?” ಎಂದು ಸುಮತಕ್ಕ ನಗುತ್ತಿದ್ದರು. ಶನಿವಾರದ ಭಜನೆಗೆ ಸೇರುವ ಹೆಂಗಸರ ಮುಂದೆ, “ನಮ್ಮ ಶೈಲಾ ಅಂದ್ರೆ ಬಂಗಾರ. ಗ್ಯಾಸೇ ಉರಿಸೂದಿಲ್ಲ. ನೀವೆಲ್ಲ ಕಲೀಬೇಕು” ಎನ್ನುತ್ತಿದ್ದರು. ಎರಡು ತಿಂಗಳು ದಿನಾ ಅನ್ನ, ಬೇಳೆ, ಚಹಾ ಮಾಡುವವಳು ಗ್ಯಾಸನ್ನೇ ಉರಿಸದಿರುವುದು ಹೇಗೆಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೊಗಳಿಕೆಯ ಲೆಕ್ಕವನ್ನು ಯಾರೂ ತಾಳೆ ನೋಡುವುದಿಲ್ಲ.

ಸುಮತಕ್ಕನಿಗೆ ಗ್ಯಾಸಿನ ಮೇಲೆ ಒಂದು ಶ್ರದ್ಧೆಯಿತ್ತು. ಅದು ಹೋಟೆಲಿನವರ ಶ್ರದ್ಧೆ. ಅಡುಗೆಯವನು ಕದಿಯುತ್ತಿದ್ದಾನೋ ಇಲ್ಲವೋ ಎಂದು ಅವರು ಅಕ್ಕಿ, ಬೇಳೆ ಅಳೆದು ತಿಳಿಯುವುದಿಲ್ಲ, ಸಿಲಿಂಡರು ಎಷ್ಟು ದಿನ ಬಂತು ಎಂದು ನೋಡುತ್ತಾರೆ. “ಎರಡು ದಿನ ಮೊದ್ಲು ಖಾಲಿಯಾದ್ರೆ ಮುಗೀತು” ಎಂದು ಅವರು ನನಗೇ ಒಮ್ಮೆ ಪಾಠ ಹೇಳಿದ್ದರು. “ಭಟ್ಟ ಹಿಂದಿನ ಬಾಗಿಲಲ್ಲಿ ಯಾರಿಗೋ ಬಡಿಸ್ತಿದ್ದಾನೆ ಅಂತ ನಾನು ಇಲ್ಲೇ ಕೂತು ಹೇಳ್ತೇನೆ. ಮನುಷ್ಯರು ಸುಳ್ಳು ಹೇಳ್ತಾರೆ, ಗ್ಯಾಸು ಹೇಳೂದಿಲ್ಲ.” ಈ ಒಂದು ವಿದ್ಯೆಯಿಂದ ಅವರು ಮೂವರು ಅಡುಗೆಯವರನ್ನು ಊರಿಗೆ ಕಳಿಸಿದ್ದರಂತೆ. ನಾಲ್ಕನೆಯವಳು ನಾನಾಗಬೇಕಿತ್ತು.

ಚಳಿಗಾಲ ಬಂತು. ಸೂರತ್ತಿನ ಚಳಿ ನಮ್ಮ ಗದಗಿನ ಚಳಿಯಷ್ಟೂ ಇಲ್ಲ. ಆದರೆ ಬೆಳಿಗ್ಗೆ ಜನ ತುಂಬಿಸಿಕೊಂಡು ಓಡುವ ಶಟಲ್ ರಿಕ್ಷಾದಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಹೋಗುವಾಗ ಮಂಜು, ಮಿಲ್ಲುಗಳ ಹೊಗೆ ಎರಡೂ ಕಲೆತು ಪಾಂಡೇಸರಾ ಬೂದಿ ಬಣ್ಣದ ಬಟ್ಟೆಯ ಹಾಗೆ ಕಾಣುತ್ತಿತ್ತು. ಚರಂಡಿಯ ನೀರು ಒಂದು ದಿನ ನೀಲಿ, ಒಂದು ದಿನ ಕಡುಗೆಂಪು. ನದಿಯ ದಂಡೆಯ ಮೇಲೆ ಪೋಂಕ್ ಅಂಗಡಿಗಳೆದ್ದಿದ್ದವು. ಎಳೆಯ ಜೋಳದ ತೆನೆ ಸುಟ್ಟು, ಬಡಿದು, ಹಸಿರು ಕಾಳನ್ನು ಸೇವಿನ ಜೊತೆ ಕೊಡುತ್ತಾರೆ. ಅದನ್ನು ತಿಂದರೆ ನಮ್ಮೂರ ಸೀತೆನಿ ನೆನಪಾಗುತ್ತಿತ್ತು. ಜನವರಿಯಲ್ಲಿ ಉತ್ತರಾಯಣ. ಎಲ್ಲ ಮಾಳಿಗೆಗಳ ಮೇಲೆ ಗಾಳಿಪಟ, ಹಾದಿಬೀದಿಯಲ್ಲಿ ಗುಲಾಬಿ ಬಣ್ಣದ ಮಾಂಜಾ ದಾರ. ನಾನು ಮಾಳಿಗೆ ಹತ್ತಲಿಲ್ಲ. ಬಕೆಟ್ಟು ನೀರು ಕಾಯಿಸಿ ತಲೆಗೆ ಎರೆದುಕೊಂಡು, ಒಬ್ಬಳೇ ಕುಳಿತು ಹುಗ್ಗಿ ಉಂಡೆ. ಹಾಗೆ ಇರುವುದು ನನಗೆ ಇಷ್ಟ. ನನ್ನ ಮನೆಗೆ ಯಾರೂ ಬರುತ್ತಿರಲಿಲ್ಲ ಎಂಬುದು ಆ ಕಟ್ಟಡದಲ್ಲಿ ಎಲ್ಲರಿಗೂ ಕಾಣುತ್ತಿದ್ದ ಸಂಗತಿ. ಕಾಣುವುದನ್ನು ನಂಬುವಷ್ಟು ಸಮಾಧಾನ ಸುಮತಕ್ಕನಿಗೆ ಇರಲಿಲ್ಲ.

ಭಾನುವಾರ ಅಪ್ಪ ಸುಮತಕ್ಕನ ಮನೆಗೆ ಫೋನು ಮಾಡುತ್ತಿದ್ದರು, ನಾನು ಕೆಳಗಿಳಿದು ಹೋಗಿ ಮಾತಾಡುತ್ತಿದ್ದೆ. ಹಬ್ಬ ಮುಗಿದ ಮೇಲಿನ ಭಾನುವಾರ ರಿಸೀವರು ಎತ್ತಿಕೊಂಡರೆ ಆ ಕಡೆಯಿಂದ ಆರೋಗ್ಯ ವಿಚಾರಿಸುವ ಮಾತೇ ಬರಲಿಲ್ಲ.

“ನೌಕರಿ ಬಿಟ್ಟು ಊರಿಗೆ ಬಾ.”

“ಯಾಕ್ರಿ?”

“ಯಾಕ ಅಂತ ನನ್ನ ಕೇಳತಿಯಲ್ಲ. ಗ್ಯಾಸಿನ ಬಿಲ್ಲು ಒಮ್ಮಿಂದೊಮ್ಮೆಲೆ ಯಾಕ ಅಷ್ಟ ಬಂತು? ಒಬ್ಬಾಕಿ ಉಣ್ಣೂದಕ್ಕ ಅಷ್ಟ ಬೇಕಾಗ್ತದನು? ಹಗಲಿ ಯಾರ ಬರ್ತಾರ ಆ ಮನಿಗೆ?”

ನಾನು ತಿರುಗಿ ನೋಡಿದೆ. ಸುಮತಕ್ಕ ಎರಡು ಮಾರು ಆಚೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಕಣ್ಣು ಬೆಳ್ಳುಳ್ಳಿಯ ಮೇಲೆ, ಕಿವಿ ಫೋನಿನ ಮೇಲೆ.

“ಅಪ್ಪಾ, ನಾ ಹಗಲಿ ಮಿಲ್ಲಿನಾಗ ಇರ್ತೀನಿ.”

“ಅದ ಅಂತೀನಿ. ನೀ ಎಲ್ಲಿ ಇರ್ತಿ ಅನ್ನೂದು ನನಗೇನ ಕಾಣಸ್ತದ? ನಾ ಬಂದ ಕರಕೊಂಡ ಹೋಗ್ತೀನಿ. ತಯಾರಾಗಿರು.”

ಫೋನು ಇಟ್ಟೆ. ಸುಮತಕ್ಕ ತಲೆಯೆತ್ತಿದರು.

“ಬೇಜಾರು ಮಾಡ್ಬೇಡ ಶೈಲಾ. ಹೆಣ್ಣುಮಕ್ಕಳ ವಿಷಯ, ನಾಳೆ ಏನಾದ್ರೂ ಆದ್ರೆ ಅವರು ನನ್ನನ್ನೇ ಕೇಳ್ತಾರಲ್ವಾ? ಮೂರು ಸಲ ಚೂರೇ ಚೂರು ಬಂತು, ಈಗ ಒಮ್ಮೆಲೇ ಇಷ್ಟು. ಎಂತ ಅರ್ಥ? ನೀನು ದೀಪಾವಳಿಗೆ ಊರಿಗೆ ಹೋಗಿ ಬಂದ ಮೇಲೆ ಎಂತದೋ ಶುರುವಾಗಿದೆ. ಒಬ್ಬಳಿಗೆ ಬೇಯಿಸಿದ್ದಲ್ಲ ಅದು.”

“ಭಜನೆಯವರಿಗೂ ಹೇಳಿದ್ದೀರಾ?”

“ಹೇಳೂದೆಂತ ಬಂತು. ಕೇಳಿದ್ರು, ಹೇಳಿದೆ.”

ಆಗ ಹಿಂದಿನ ದಿನದ ಒಂದು ಮಾತು ನನಗೆ ಅರ್ಥವಾಯಿತು. ಭಜನೆಯ ಗುಂಪಿನ ವಿಮಲಕ್ಕ ಮೆಟ್ಟಿಲ ಮೇಲೆ ಸಿಕ್ಕಿ, “ಎಂತ ಶೈಲಾ, ಊಟಕ್ಕೆ ಜೊತೆ ಸಿಕ್ಕಿತಂತೆ?” ಎಂದು ಕಣ್ಣು ಮಿಟುಕಿಸಿದ್ದರು. ನಾನು ಮಿಲ್ಲಿನ ಕ್ಯಾಂಟೀನಿನ ವಿಷಯವಿರಬೇಕೆಂದು “ಹೌದು” ಎಂದುಬಿಟ್ಟಿದ್ದೆ.

ನಾನು ಅಳುವವಳಲ್ಲ, ಜಗಳ ಆಡುವವಳೂ ಅಲ್ಲ. ಸುಮತಕ್ಕನನ್ನು ಒಂದೇ ಕೇಳಿದೆ: “ಬಿಲ್ಲುಗಳನ್ನು ನೋಡಬಹುದಾ?” ಅವರ ಮನೆಯಲ್ಲಿ ಎಲ್ಲ ಬಿಲ್ಲುಗಳನ್ನೂ ಹೋಟೆಲಿನ ಪದ್ಧತಿಯಂತೆ ಒಂದು ತಂತಿಗೆ ಚುಚ್ಚಿ ತೂಗುಹಾಕುತ್ತಿದ್ದರು. ನನ್ನ ನಾಲ್ಕನ್ನು ಅದರಿಂದ ಎಳೆದು ಕೊಡುತ್ತ, “ನೋಡು, ನೋಡಿಯಾದ್ರೂ ನಾಚಿಕೆಯಾಗ್ಲಿ” ಎಂದರು. ಆ ವಾಕ್ಯವನ್ನು ಅವರು ಹೇಳದೇ ಇದ್ದಿದ್ದರೆ ನಾನು ಮುಂದೆ ಮಾಡಿದ್ದರಲ್ಲಿ ಅರ್ಧವನ್ನಾದರೂ ಬಿಡುತ್ತಿದ್ದೆನೇನೋ.

ಮೇಲೆ ಹೋಗಿ ನಾಲ್ಕನ್ನೂ ಸಾಲಾಗಿ ಇಟ್ಟೆ. ಜುಲೈ: ಎರಡು ಯೂನಿಟ್. ಸೆಪ್ಟೆಂಬರ್: ಎರಡು. ನವೆಂಬರ್: ಎರಡು. ಜನವರಿ: ನಲವತ್ತೆಂಟು. ಮೊದಲು ಮೀಟರನ್ನೇ ಪರೀಕ್ಷಿಸಿದೆ. ನಾಲ್ಕು ದಿನ ಅಡುಗೆಗೆ ಮುಂಚೆ, ಅಡುಗೆಯ ನಂತರ ಕೆಂಪು ಅಂಕಿಗಳನ್ನು ನೋಡಿದೆ. ಬಿಲ್ಲಿಗೆ ಬೇಡದ ಆ ಕೆಂಪು ಅಂಕಿಗಳೇ ಚಿಕ್ಕ ಅಳತೆಗೆ ಬೇಕಾದವು. ಅನ್ನ, ಬೇಳೆ, ಎರಡು ಹೊತ್ತಿನ ಚಹಾ, ಸ್ನಾನದ ನೀರು, ಎಲ್ಲ ಸೇರಿ ದಿನಕ್ಕೆ ಕಾಲು ಯೂನಿಟ್ಟಿಗಿಂತ ಸ್ವಲ್ಪ ಕಡಿಮೆ. ಎರಡು ತಿಂಗಳಿಗೆ ಹದಿಮೂರು, ಹದಿನಾಲ್ಕು. ಅಂದರೆ ನಲವತ್ತೆಂಟು ಸುಳ್ಳು. ಆದರೆ ಎರಡು ಅದಕ್ಕಿಂತ ದೊಡ್ಡ ಸುಳ್ಳು. ಎರಡು ಯೂನಿಟ್ಟಿನಲ್ಲಿ ಎರಡು ತಿಂಗಳು ಚಹಾ ಕಾಯಿಸುವುದೂ ಕಷ್ಟ.

ಬಿಲ್ಲನ್ನು ದೀಪದ ಹತ್ತಿರ ಹಿಡಿದಾಗ ಕಂಡಿತು. ಮೊದಲ ಮೂರರಲ್ಲಿಯೂ ಮೀಟರ್ ಓದಿನ ಪಕ್ಕ ಇರುವೆಯಷ್ಟು ಸಣ್ಣ ಒಂದು ಇಂಗ್ಲಿಷ್ ಅಕ್ಷರ. ಜನವರಿಯದರಲ್ಲಿ ಅದು ಇರಲಿಲ್ಲ. ಹಿಂಬದಿಯ ಸೂಚನೆಗಳಲ್ಲಿ ಅರ್ಥವಿತ್ತು: ಮನೆಗೆ ಬೀಗವಿದ್ದುದರಿಂದ ಓದು ಸಿಗಲಿಲ್ಲ, ಹಿಂದಿನ ಬಳಕೆಯ ಸರಾಸರಿ ಹಾಕಲಾಗಿದೆ.

ಹಿಂದಿನ ಬಳಕೆ ಯಾರದು? ಯಾರದೂ ಅಲ್ಲ. ನಾನು ಬರುವ ಮುನ್ನ ಮನೆ ಖಾಲಿ ಬಿದ್ದಿತ್ತು, ಆಗೊಮ್ಮೆ ಈಗೊಮ್ಮೆ ಗುಡಿಸಲು ತೆರೆದಾಗ ಕಾಯಿಸಿದ ಚಹಾ ಬಿಟ್ಟರೆ ಅಲ್ಲಿ ಒಲೆ ಹಚ್ಚಿದವರಿಲ್ಲ. ಖಾಲಿ ಮನೆಯ ಸರಾಸರಿಯನ್ನು ಕಂಪನಿಯವರು ಮೂರು ಸಲ ನನ್ನ ತಲೆಗೆ ಕಟ್ಟಿದ್ದರು. ಮೀಟರು ಓದುವವನು ಹಗಲು ಬರುತ್ತಿದ್ದ, ಹಗಲು ನಾನು ಪಾಂಡೇಸರಾದಲ್ಲಿರುತ್ತಿದ್ದೆ. ಜನವರಿಯಲ್ಲಿ ಮಾತ್ರ, ನಲ್ಲಿ ರಿಪೇರಿಗೆಂದು ಸುಮತಕ್ಕ ತಮ್ಮ ಬಳಿಯ ಕೀಲಿಯಿಂದ ಬಾಗಿಲು ತೆಗೆಸಿದ್ದ ದಿನವೇ ಅವನು ಬಂದಿದ್ದ. ನಿಜವಾದ ಅಂಕಿ ಬರೆದುಕೊಂಡು ಹೋದ. ನನಗೆ ಕೊಡುವ ಮುನ್ನ ಸುಣ್ಣ ಬಳಿಯಲೆಂದು ಮನೆ ತೆರೆದಿದ್ದ ಮೇ ತಿಂಗಳ ಓದಿನಿಂದ ಜನವರಿಯ ಓದಿನವರೆಗೆ ಐವತ್ತನಾಲ್ಕು ಯೂನಿಟ್. ಅದರಲ್ಲಿ ಆರು ಆಗಲೇ ಬಿಲ್ಲಾಗಿತ್ತು, ಉಳಿದ ನಲವತ್ತೆಂಟು ಒಟ್ಟಿಗೆ ಬಂತು. ಐವತ್ತನಾಲ್ಕನ್ನು ನಾಲ್ಕು ಬಿಲ್ಲಿಗೆ ಹಂಚಿದರೆ ಹದಿಮೂರೂವರೆ. ನನ್ನ ಒಲೆಯ ಮೇಲೆ ನಾನೇ ಅಳೆದದ್ದೂ ಅಷ್ಟೇ. ಒಟ್ಟಿಗೆ ಬಂದದ್ದರಿಂದ ಮೇಲಿನ ದರಕ್ಕೂ ಹತ್ತಿ ಬಿಲ್ಲು ಇನ್ನಷ್ಟು ಊದಿಕೊಂಡಿತ್ತು.

ಎದುರುಮನೆಯ ಹಂಸಾಬೆನ್‌ರನ್ನು ವಿಚಾರಿಸಿದೆ. ಅವರು ಹಣೆ ಬಡಿದುಕೊಂಡರು. “ಅರೇ ಬೆನ್, ಕೆಲಸಕ್ಕೆ ಹೋಗುವವರೆಲ್ಲ ಮೀಟರಿನ ನಂಬರು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸ್ತಾರೆ. ಅವನು ನೋಡಿ ಬರ್ಕೊಂಡು ಹೋಗ್ತಾನೆ. ಸುಮತಿಬೆನ್ ನಿಮಗೆ ಹೇಳಲಿಲ್ವಾ?” ಸುಮತಿಬೆನ್ ಹೇಳಿರಲಿಲ್ಲ. ಸಿಲಿಂಡರಿಗೆ ಬಾಗಿಲು ತೆರೆದಿದ್ದರೇನು, ಮುಚ್ಚಿದ್ದರೇನು? ಉರಿಸಿದಷ್ಟೇ ಖಾಲಿ, ಖಾಲಿಯಾದಷ್ಟೇ ಉರಿಸಿದ್ದು. ಅವರ ವಿದ್ಯೆ ಅಲ್ಲಿಗೇ ನಿಂತಿತ್ತು.

ಗುರುವಾರವೇ ನನ್ನ ಕೈಯಲ್ಲಿ ಉತ್ತರವಿತ್ತು. ಅಪ್ಪನಿಗೆ ಫೋನು ಮಾಡಿ ಹೇಳಿದ್ದರೆ ಅವರು ಟಿಕೆಟ್ಟು ರದ್ದು ಮಾಡುತ್ತಿದ್ದರು. ನಾನು ಫೋನು ಮಾಡಿದೆ. “ಶನಿವಾರ ಸಂಜಿ ಮುಟ್ಟೂಹಂಗ ಬರ್ರಿ” ಎಂದಷ್ಟೇ ಹೇಳಿದೆ. ಶನಿವಾರ ಸಂಜೆ ಸುಮತಕ್ಕನ ಮನೆಯಲ್ಲಿ ಭಜನೆ. ಮಾತು ಎಲ್ಲಿ ಹುಟ್ಟಿತೋ ಅಲ್ಲಿಯೇ ಸಾಯಬೇಕೆಂದು ನನಗೆ ಹಟ. ಅಷ್ಟೇ ಅಲ್ಲ. ಅಪ್ಪನ ಮೇಲೂ ನನಗೆ ಸಿಟ್ಟಿತ್ತು, ಅದು ಸುಮತಕ್ಕನ ಮೇಲಿನದಕ್ಕಿಂತ ತಣ್ಣಗಿನದು. ಯಾಕೆಂದರೆ ಅಪ್ಪ ಇಡೀ ಜೀವಮಾನ ವಿದ್ಯುತ್ ಇಲಾಖೆಯಲ್ಲಿ ಮೀಟರು ಓದಿ, ಓದಿಸಿ ನಿವೃತ್ತರಾದವರು. ಗದಗಿನಲ್ಲಿ ಎಷ್ಟೋ ಜನ ದೊಡ್ಡ ಬಿಲ್ಲು ಹಿಡಿದು ನಮ್ಮ ಕಟ್ಟೆಯ ಮೇಲೆ ಬಂದು ಕೂಗಾಡುತ್ತಿದ್ದರು. ಅವರಿಗೆಲ್ಲ ಅಪ್ಪ ಶಾಂತವಾಗಿ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: “ಹಿಂದಿನ ಸಲ ಬಾಗಲಾ ಹಾಕಿತ್ತೇನು?” ಊರಿನವರಿಗೆಲ್ಲ ಕೇಳಿದ ಆ ಪ್ರಶ್ನೆಯನ್ನು ಅವರು ಮಗಳಿಗೆ ಕೇಳಿರಲಿಲ್ಲ.

ಶನಿವಾರ ಅಪ್ಪ ಬಂದರು. ಒಂದು ಕೈಚೀಲ, ಮುಖದಲ್ಲಿ ಪ್ರಯಾಣದ ದಣಿವು. ಒಂದು ದಿನಕ್ಕಷ್ಟೇ ಬಟ್ಟೆ ತಂದಿದ್ದರು. ನನ್ನನ್ನು ಕರೆದುಕೊಂಡು ಮರುದಿನವೇ ಹೊರಡುವ ಯೋಚನೆ ಎಂದು ಚೀಲ ನೋಡಿಯೇ ತಿಳಿಯಿತು. ನಾವು ಕೆಳಗೆ ಹೋದಾಗ ಮಂಗಳಾರತಿ ಮುಗಿದು ಪ್ರಸಾದ ಹಂಚುತ್ತಿದ್ದರು. ಎಂಟು ಹತ್ತು ಹೆಂಗಸರಿದ್ದರು, ವಿಮಲಕ್ಕ ಮುಂದೆಯೇ ಇದ್ದರು. ಶೇಖರಣ್ಣ ಆ ದಿನ ಬೇಗ ಬಂದು ಕುರ್ಚಿಯಲ್ಲಿ ಕುಳಿತಿದ್ದರು. ಮೂಲೆಯ ಮಂಚದ ಮೇಲೆ ಅವರ ತಾಯಿ. ಅಡುಗೆಮನೆಯಿಂದ ಎಂದಿನಂತೆ ಹುರಿದ ಕೊತ್ತಂಬರಿ, ಮೆಣಸಿನ ಘಾಟು. ಹೋಟೆಲಿಗೆ ಬೇಕಾದ ಸಾರಿನ ಪುಡಿ, ಸಾಂಬಾರು ಪುಡಿ, ಚಟ್ನಿ ಪುಡಿ ಎಲ್ಲ ಆ ಮನೆಯಲ್ಲೇ ಹುರಿದು, ಸ್ಟೀಲಿನ ಡಬ್ಬಿಗಳಲ್ಲಿ ಸ್ಕೂಟರಿನ ಮೇಲೆ ಹೋಗುತ್ತಿತ್ತು.

“ಬನ್ನಿ ಬನ್ನಿ, ಕೂತ್ಕೊಳ್ಳಿ” ಎಂದು ಸುಮತಕ್ಕ ಅಪ್ಪನಿಗೆ ಪ್ರಸಾದ ಕೊಟ್ಟರು. “ನಾನು ನನ್ನ ತಂಗಿ ಅಂತಲೇ ನೋಡಿದ್ದು ಇವಳನ್ನು. ಆದ್ರೆ ಕಣ್ಣೆದುರು ಬಿಲ್ಲು ಬಂದಾಗ ಸುಮ್ಮನಿರ್ಲಿಕ್ಕೆ ಆಗ್ತದಾ ಹೇಳಿ?”

ಹೆಂಗಸರಲ್ಲಿ ಯಾರೂ ಎದ್ದು ಹೋಗಲಿಲ್ಲ.

ನಾನು ನಾಲ್ಕು ಬಿಲ್ಲುಗಳನ್ನು ಅಪ್ಪನ ಕೈಗೆ ಕೊಟ್ಟೆ. “ಓದ್ರಿ. ಎಲ್ಲಾರಿಗೂ ಕೇಳಿಸೂಹಂಗ ಓದ್ರಿ.”

“ಈಗ್ಯಾಕ…”

“ನೀವು ಅಷ್ಟ ದೂರದಿಂದ ಇದರ ಸಲುವಾಗೇ ಬಂದೀರಿ. ಓದ್ರಿ.”

ಅವರು ಕನ್ನಡಕ ಹಾಕಿಕೊಂಡರು. ನಿವೃತ್ತರಾಗಿದ್ದರೂ ಅಂಕಿ ಕಂಡ ಕೂಡಲೇ ದನಿ ಕಚೇರಿಯದಾಯಿತು. ಹಿಂದಿನ ಓದು ಇನ್ನೂರಾ ಹತ್ತು, ಈಗಿನ ಓದು ಇನ್ನೂರಾ ಹನ್ನೆರಡು, ಬಳಕೆ ಎರಡು. ಮುಂದಿನದು ಎರಡು. ಮೂರನೆಯದನ್ನು ಓದುವಾಗ ದನಿ ನಿಧಾನವಾಯಿತು. ಮೊದಲನೆಯದನ್ನು ಮತ್ತೆ ಮೇಲೆ ತೆಗೆದರು. ಬೆರಳು ಆ ಸಣ್ಣ ಅಕ್ಷರದ ಮೇಲೆ ನಿಂತಿತು. ಅದರ ಅರ್ಥವನ್ನು ಅವರು ಹಿಂಬದಿಯಲ್ಲಿ ಹುಡುಕಲಿಲ್ಲ, ಹುಡುಕಬೇಕಾಗಿರಲಿಲ್ಲ.

“ನಿಂತ್ರ್ಯಾಕ? ಓದ್ರಿ” ಎಂದೆ.

“ಇದು… ಬಾಗಲಾ ಹಾಕಿದ ಬಿಲ್ಲು” ಎಂದರು. ಎಷ್ಟು ಸಣ್ಣ ದನಿಯೆಂದರೆ ವಿಮಲಕ್ಕ “ಎಂತ? ಎಂತ ಹೇಳಿದ್ರು?” ಎಂದು ಮುಂದೆ ಬಾಗಿದರು.

“ಜೋರಾಗಿ ಹೇಳ್ರಿ ಅಪ್ಪಾ. ಹಂಗಂದ್ರ ಏನಂತ ಇವರಿಗೆ ತಿಳಿಸಿ ಹೇಳ್ರಿ.”

ಹೇಳಿದರು. ಬಾಗಿಲು ಹಾಕಿದ ಮನೆಗೆ ಸರಾಸರಿ ಹಾಕುತ್ತಾರೆ, ಮುಂದೆ ಬಾಗಿಲು ತೆರೆದಾಗ ಉಳಿದದ್ದೆಲ್ಲ ಒಟ್ಟಿಗೆ ಬರುತ್ತದೆ, ಇದು ಎರಡು ತಿಂಗಳ ಗ್ಯಾಸಲ್ಲ, ಎಂಟು ತಿಂಗಳದ್ದು. ಕೂಡಿಸಿ, ಭಾಗಿಸಿ, “ಹದಿಮೂರೂವರಿ. ಒಬ್ಬರು ಉಣ್ಣೂದಕ್ಕ ಸರಿಯಾಗೇ ಐತಿ” ಎಂದು ಮುಗಿಸಿದರು. ನನ್ನ ಮುಖ ನೋಡಲಿಲ್ಲ.

“ಅಯ್ಯೋ ದೇವ್ರೇ” ಎಂದರು ಸುಮತಕ್ಕ. “ನನಗೆಂತ ಗೊತ್ತು ಇದೆಲ್ಲ? ಒಳ್ಳೇದಕ್ಕೇ ಹೇಳಿದ್ದು ಮಾರಾಯ್ತಿ. ಹೋಗ್ಲಿ ಬಿಡು, ಆದದ್ದು ಆಯ್ತು.”

ಅಪ್ಪನೂ ಕನ್ನಡಕ ತೆಗೆದರು. “ಆತ ಬಿಡವಾ. ತಿಳೀದ ಅಂದಾರ.”

ಎಲ್ಲರೂ ಹಗುರಾದರು. ತಟ್ಟೆಯ ಸದ್ದು ಶುರುವಾಯಿತು. ಒಂದು ವಾರ ನಾನು ಕಾದದ್ದು ಅಲ್ಲಿಗೇ ಮುಗಿಸಲು ಅಲ್ಲ. ಎದ್ದು ಹೋಗಿ ತಂತಿಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಬಿಲ್ಲನ್ನು, ಅಂದರೆ ಸುಮತಕ್ಕನ ಸ್ವಂತ ಮನೆಯದನ್ನು, ಎಳೆದು ತಂದು ಅಪ್ಪನ ಮುಂದೆ ಹಿಡಿದೆ.

“ಇದೊಂದ ಉಳದೈತ್ರಿ. ಇದನ್ನೂ ಓದ್ರಿ. ಇದಕ್ಕ ಸಣ್ಣ ಅಕ್ಷರ ಏನೂ ಇಲ್ಲ.”

ಅಪ್ಪ ಅಂಕಿ ಕಂಡರೆ ಓದುವವರು. “ಬಳಕೆ ನೂರಾ ನಲವತ್ತೊಂದು” ಎಂದುಬಿಟ್ಟರು.

ನಾನು ಸುಮತಕ್ಕನ ಕಡೆ ತಿರುಗಿ, ಅವರದೇ ಮಾತನ್ನು ಅವರದೇ ದನಿಯಲ್ಲಿ ಕೇಳಿದೆ. “ಮೂರು ಜನರ ಮನೆಗೆ ಇಷ್ಟು ಬೇಕಾ ಸುಮತಕ್ಕ? ಹಂಸಾಬೆನ್ ಮನೇಲಿ ಆರು ಜನ, ಇದರ ಮೂರರಲ್ಲೊಂದೂ ಬರೋದಿಲ್ಲ. ಶೇಖರಣ್ಣ ಹಗಲೆಲ್ಲ ಹೋಟೆಲಲ್ಲಿ. ಯಾರು ಬರ್ತಾರೆ ನಿಮ್ಮನೆಗೆ ಊಟಕ್ಕೆ? ಮನುಷ್ಯರು ಸುಳ್ಳು ಹೇಳ್ತಾರೆ, ಗ್ಯಾಸು ಹೇಳೋದಿಲ್ಲ ಅಲ್ವಾ?”

ವಿಮಲಕ್ಕ ಬಾಯಿಗೆ ಸೆರಗು ಒತ್ತಿಕೊಂಡು, “ಅತ್ತೆಯವರು ಉಣ್ತಾರೇನೋ” ಎಂದರು. ಮಂಚದ ಮೇಲಿನ ಅಜ್ಜಿಗೆ ಕಿವಿ ಮಂದ, ಊಟದ ಮಾತು ಮಾತ್ರ ಕೇಳಿಸುತ್ತಿತ್ತು. “ಎಂತದ್ದು? ನಾನಾ? ನನಗೆ ಎರಡು ಹೊತ್ತೂ ಗಂಜಿ ಮಾತ್ರ ಕೊಡೂದು ಇವಳು” ಎಂದು ಎಲ್ಲರಿಗೂ ಕೇಳುವಂತೆ ದೂರಿದರು. ಹೆಂಗಸರು ತಡೆಯಲಾರದೆ ನಕ್ಕರು. ಯಾರದೋ ಕೈಯ ಪ್ರಸಾದ ಚೆಲ್ಲಿತು. ಸುಮತಕ್ಕನ ಮುಖ ಕಿವಿಯವರೆಗೂ ಕೆಂಪಾಯಿತು. ಬಣ್ಣ ಅಳೆಯುವುದು ನನ್ನ ಕೆಲಸ. ಅಂಥ ಗಟ್ಟಿ ಕೆಂಪನ್ನು ಪಾಂಡೇಸರಾದ ಯಾವ ಮಿಲ್ಲಿನಲ್ಲೂ ನಾನು ನೋಡಿಲ್ಲ.

ನಗದೆ ಕುಳಿತವರು ಶೇಖರಣ್ಣ ಒಬ್ಬರೇ. ಮನೆಯ ದರದ ಗ್ಯಾಸಿನಲ್ಲಿ ಹೋಟೆಲಿನ ಕೆಲಸ ಮಾಡಬಾರದೆಂದು ಆ ಬಿಲ್ಲಿನ ಹಿಂದೆಯೇ ಅಚ್ಚಾಗಿತ್ತು. ನಾನು ಬಿಲ್ಲನ್ನು ಮಗುಚಿ, ಆ ಸಾಲು ಮೇಲೆ ಬರುವಂತೆ ಮಡಚಿ, ಅವರ ಕುರ್ಚಿಯ ಕೈಮೇಲೆ ಇಟ್ಟೆ. “ಯಾರಾದರೂ ದೂರು ಕೊಟ್ಟರೆ ಬಂದು ನೋಡುತ್ತಾರಂತೆ ಶೇಖರಣ್ಣ” ಎಂದೆ, ಕಾಳಜಿಯ ದನಿಯಲ್ಲಿ. “ಮತ್ತೆ ನನ್ನ ನಲವತ್ತೆಂಟನ್ನು ನಾಲ್ಕು ಬಿಲ್ಲಿಗೆ ಹಂಚಿ ಸರಿಮಾಡಿಸಿಕೊಂಡು ಬನ್ನಿ. ನಿಮ್ಮ ಹೆಸರಿನಲ್ಲಿದೆ, ನೀವೇ ಸಾಲಿನಲ್ಲಿ ನಿಲ್ಲಬೇಕು.” ಅವರು ಸೋಮವಾರವೇ ಹೋಗಿ ನಿಂತರು.

ನಾನು ದೂರು ಕೊಡಲಿಲ್ಲ. ಕೊಟ್ಟಿದ್ದರೆ ಒಂದೇ ದಿನದಲ್ಲಿ ಮುಗಿದುಹೋಗುತ್ತಿತ್ತು. ಹುರಿಯುವ ಕೆಲಸವೆಲ್ಲ ಹೋಟೆಲಿಗೆ ಹೋಯಿತು, ಸುಮತಕ್ಕನೂ ದಿನಾ ಬೆಳಿಗ್ಗೆ ಮಂಡಿನೋವಿನ ಜೊತೆ ಸ್ಕೂಟರಿನ ಹಿಂದೆ ಕುಳಿತು ಹೋಗಬೇಕಾಯಿತು. ಮನೆಯ ಕರೆಗಂಟೆ ಬಾರಿಸಿದರೆ ಮೊದಲು ಕಿಟಕಿಯಿಂದ ಇಣುಕುವುದನ್ನು ಕಲಿತರು. ನಾನು ಆಗೊಮ್ಮೆ ಈಗೊಮ್ಮೆ ಮೆಟ್ಟಿಲ ಮೇಲೆ ಸಿಕ್ಕಾಗ, “ಗ್ಯಾಸಿನವರು ಬಂದಿದ್ದರಾ ಸುಮತಕ್ಕ?” ಎಂದು ಕೇಳುತ್ತಿದ್ದೆ. “ಯಾಕೆ? ಯಾರಾದ್ರೂ ಕೇಳಿದ್ರಾ?” ಎಂದು ಅವರ ಕೈ ಕಂಬಿಯನ್ನು ಹಿಡಿಯುತ್ತಿತ್ತು. “ಇಲ್ಲ, ಸುಮ್ಮನೆ ಕೇಳಿದೆ” ಎಂದು ಮೇಲೆ ಹತ್ತುತ್ತಿದ್ದೆ. ಬೇಸಿಗೆಯ ತನಕ ಇದನ್ನು ನಡೆಸಿದೆ. ಅವರ ಮೇಲೆ ಎಂದಾದರೂ ಕನಿಕರ ಹುಟ್ಟೀತು ಎಂದುಕೊಂಡಿದ್ದೆ. ಹುಟ್ಟಲಿಲ್ಲ. ಅವರು ಹೋಳಿಗೆ ಮಾಡಿ ಕಳಿಸಿದಾಗ ತಿಂದೆ, ಚೆನ್ನಾಗಿತ್ತು, ಕೇಳುವುದನ್ನು ಬಿಡಲಿಲ್ಲ.

ಅಪ್ಪ ಭಾನುವಾರ ಒಬ್ಬರೇ ಹೊರಟರು. ನೌಕರಿ ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ. ಸ್ಟೇಷನ್ನಿಗೆ ನಾನೇ ಕರೆದುಕೊಂಡು ಹೋದೆ. ರಿಕ್ಷಾದಲ್ಲಿ ಚಳಿ, ಹವಾಮಾನ, ಅವ್ವನ ಮೊಣಕಾಲು ಎಂದು ಅಷ್ಟಿಷ್ಟು ಮಾತಾಯಿತು. ಗಾಡಿ ಬಂತು. ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ನಾನು ನೀರಿನ ಬಾಟಲಿ, ಬಾಳೆಹಣ್ಣು ಕೊಟ್ಟೆ. ಅವರು ಕಿಟಕಿಯ ಸರಳುಗಳ ಹತ್ತಿರ ಮುಖ ತಂದು, ಬೋಗಿಯಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿ ಕೇಳಿದರು:

“ಶೈಲಾ, ಲೆಕ್ಕಾ ಎಲ್ಲಾ ಖರೇನ ಐತಿ. ಆದ್ರೂ ಕೇಳ್ತೀನಿ. ಯಾರೂ ಇಲ್ಲಲ್ಲಾ?”

ಐವತ್ತನಾಲ್ಕನ್ನು ನಾಲ್ಕರಿಂದ ಭಾಗಿಸಿ, ಅಷ್ಟು ಜನರ ಮುಂದೆ ಸ್ವಂತ ಬಾಯಲ್ಲಿ ಉತ್ತರ ಹೇಳಿದವರು ಅವರೇ. ಒಂದು ಶಬ್ದ ಸಾಕಿತ್ತು. ಅದನ್ನು ಹೇಳಿದ್ದರೆ ಗದಗಿನ ತನಕ ಅವರು ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದರು. ಅಷ್ಟು ದೂರದ ಪ್ರಯಾಣ, ಕೂತೇ ಹೋಗಬೇಕಾದ ವಯಸ್ಸಾದ ಮೈ, ಎಲ್ಲ ನನಗೆ ಗೊತ್ತಿತ್ತು.

“ಗಾಡಿ ಬಿಡ್ತದ್ರಿ” ಎಂದೆ. “ಕೈ ಒಳಗ ತಗೋರಿ.”

ಗಾಡಿ ಬಿಟ್ಟಿತು. ಅವರು ತಿರುಗಿ ತಿರುಗಿ ನನ್ನ ಮುಖವನ್ನೇ ನೋಡುತ್ತ ಹೋದರು. ಆಮೇಲೆ ಎಷ್ಟೋ ಭಾನುವಾರ ಫೋನಿನಲ್ಲಿ ಮಾತಾಡಿದ್ದೇವೆ, ಹಬ್ಬಕ್ಕೆ ಊರಿಗೆ ಹೋಗಿ ಪಕ್ಕದಲ್ಲೇ ಕುಳಿತು ಉಂಡಿದ್ದೇನೆ. ಅವರು ಮತ್ತೆ ಕೇಳಿಲ್ಲ. ನಾನು ಇನ್ನೂ ಹೇಳಿಲ್ಲ.